ಗಲ್ಲಾ ಅಂದ್ರೆ ಅಂಗೋಲಾನಾ, ಗೋಲಾನಾ?

ಪ್ರಶ್ನೆ: ಅಮೆರಿಕದ ಸೌತ್ ಕ್ಯಾರೊಲಿನಾ, ಜಾರ್ಜಿಯಾ ಕರಾವಳೀಲಿ ಇರೋ ಕಪ್ಪು ಜನರನ್ನ ಕೆಲವರು ಗಲ್ಲಾ ಅಂತಾರೆ, ಕೆಲವರು ಗೀಚೀ ಅಂತಾರೆ. ಈ ಹೆಸರು ಎಲ್ಲಿಂದ ಬಂತು? ಚಾರ್ಲ್ಸ್‌ಟನ್‌ನಲ್ಲಿ ಒಬ್ಬ ಗೈಡ್ ಇದು ಅಂಗೋಲಾದಿಂದ ಬಂದಿದ್ದು ಅಂದ, ಸವಾನಾದಲ್ಲಿ ಇನ್ನೊಬ್ರು ಗೋಲಾ ಅನ್ನೋ ಬುಡಕಟ್ಟಿನ ಹೆಸರು ಅಂದ್ರು. ಯಾವುದು ಸರಿ? ಗಲ್ಲಾ, ಗೀಚೀ ಎರಡೂ ಒಂದೇ ಜನಾನಾ?

ಉತ್ತರ: ಸಾಕಷ್ಟು ಜನ ಕೇಳೋ ಪ್ರಶ್ನೆ ಇದು, ಅದರಲ್ಲೂ ಅಟ್ಲಾಂಟಾ, ಶಾರ್ಲೆಟ್ ಕಡೆ ಇರೋ ನಮ್ಮವರು ಲಾಂಗ್ ವೀಕೆಂಡ್‌ಗೆ ಚಾರ್ಲ್ಸ್‌ಟನ್‌ಗೋ ಹಿಲ್ಟನ್ ಹೆಡ್‌ಗೋ ಹೋಗಿ ಬಂದ್ಮೇಲೆ. ಮೊದಲು ಚಿಕ್ಕದಾಗಿ ಹೇಳಿಬಿಡ್ತೀನಿ. ಅಂಗೋಲಾ ಕಡೆಗೆ ಪುರಾವೆ ಜಾಸ್ತಿ ಇದೆ, ಗೋಲಾನ ತಳ್ಳಿಹಾಕೋಕೆ ಆಗಲ್ಲ, ಎರಡೂ ಹೆಸರು ಒಂದೇ ಬಂದರಲ್ಲಿ ಬಂದು ಒಂದಕ್ಕೊಂದು ಬೆರೆತಿರೋ ಸಾಧ್ಯತೆ ಚೆನ್ನಾಗಿದೆ. ಗೀಚೀ ಅನ್ನೋದು ಒಂದೋ ಜಾರ್ಜಿಯಾದ ಒಂದು ನದಿ ಹೆಸರು, ಇಲ್ಲಾ ಆಫ್ರಿಕಾದ ಕಿಸ್ಸಿ ಜನರ ಹೆಸರು. ಜನ ಮಾತ್ರ ಒಂದೇ. ಇಷ್ಟು ಹೇಳಿ ಕೈ ತೊಳ್ಕೋಬಹುದಿತ್ತು, ಆದ್ರೆ ಈ ಹೆಸರನ್ನ ಯಾರು ಯಾರಿಗೆ ಇಟ್ರು ಅನ್ನೋದನ್ನ ನೋಡದೆ ಬರೀ ಮೂಲ ಯಾವುದು ಅಂತ ಕೇಳಿದ್ರೆ ಅರ್ಧ ಕಥೆ ತಪ್ಪಿಹೋಗತ್ತೆ.

ಉಚ್ಚಾರಣೆ ವಿಷಯ ಮೊದಲೇ ಹೇಳ್ಬಿಡೋಣ. ಇಂಗ್ಲಿಷ್ ಸ್ಪೆಲಿಂಗ್ ನೋಡಿ ತುಂಬಾ ಜನ ಗುಲ್ಲಾ ಅಂತಾರೆ, ಅಲ್ಲಿನವರು ಹೇಳೋದು ಹೆಚ್ಚುಕಮ್ಮಿ ಗಲ್ಲಾ ಅಂತ. ನಮಗೆ ಗಲ್ಲಾ ಅಂದ್ರೆ ಹೋಟ್ಲು ಮುಂದಿನ ಕ್ಯಾಶ್ ಪೆಟ್ಟಿಗೆ, ಗೀಚಿ ಅಂದ್ರೆ ಗೋಡೆ ಮೇಲೆ ಮಕ್ಕಳು ಮಾಡಿದ್ದು, ಹಾಗಾಗಿ ಮೊದಲ ಸಲ ಕೇಳಿದಾಗ ನಗು ಬಂದ್ರೆ ತಪ್ಪಿಲ್ಲ. ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ.

ಈಗ ಈ ಜನ ಯಾರು ಅಂತ. ನಾರ್ತ್ ಕ್ಯಾರೊಲಿನಾದ ದಕ್ಷಿಣ ತುದಿಯಿಂದ ಹಿಡಿದು ಫ್ಲಾರಿಡಾದ ಉತ್ತರ ಭಾಗದವರೆಗೂ ಸಮುದ್ರದ ಪಕ್ಕ ಒಂದು ತೆಳ್ಳನೆ ಪಟ್ಟಿ ಇದೆ, ಜೌಗು ನೆಲ, ಉಬ್ಬರ ಇಳಿತಕ್ಕೆ ತುಂಬಿ ಬತ್ತೋ ಹೊಳೆಗಳು, ಮಧ್ಯೆ ಮಧ್ಯೆ ದ್ವೀಪಗಳು: ಎಡಿಸ್ಟೋ, ಸೇಂಟ್ ಹೆಲೀನಾ, ಹಿಲ್ಟನ್ ಹೆಡ್, ಡಫಸ್ಕಿ, ಸಪೆಲೋ, ಸೇಂಟ್ ಸೈಮನ್ಸ್ ಹೀಗೆ. ಇಲ್ಲಿ ಭತ್ತ, ನೀಲಿ ಬಣ್ಣ ತೆಗೆಯೋ ಗಿಡ, ಆಮೇಲೆ ಸೀ ಐಲ್ಯಾಂಡ್ ಹತ್ತಿ ಬೆಳೆಯೋಕೆ ಆಫ್ರಿಕಾದಿಂದ ಗುಲಾಮರಾಗಿ ತಂದವರ ಮೊಮ್ಮಕ್ಕಳು ಮರಿಮಕ್ಕಳೇ ಗಲ್ಲಾ ಗೀಚೀ ಜನ. 1708ರ ಹೊತ್ತಿಗೇ ಸೌತ್ ಕ್ಯಾರೊಲಿನಾದಲ್ಲಿ ಬಿಳಿಯರಿಗಿಂತ ಕಪ್ಪು ಜನ ಜಾಸ್ತಿ ಇದ್ರು. ಭತ್ತದ ಗದ್ದೆ ಅಂದ್ಮೇಲೆ ಸೊಳ್ಳೆ, ಸೊಳ್ಳೆ ಅಂದ್ಮೇಲೆ ಮಲೇರಿಯಾ, ಹಳದಿ ಜ್ವರ, ಅದಕ್ಕೆ ಹೆದರಿ ಬಿಳಿ ಮಾಲೀಕರು ಬೇಸಿಗೆ ಶುರುವಾಗ್ತಿದ್ದಂಗೆ ಊರು ಬಿಟ್ಟು ಚಾರ್ಲ್ಸ್‌ಟನ್‌ಗೋ ಗುಡ್ಡದ ಕಡೆಗೋ ಹೋಗಿ ಚಳಿ ಬಿದ್ಮೇಲೇ ವಾಪಸ್ ಬರ್ತಿದ್ರು, ದ್ವೀಪಗಳಿಗೆ ಸೇತುವೆ ಬೇರೆ ಇರ್ಲಿಲ್ಲ, ಹೀಗಾಗಿ ಬೇರೆ ಬೇರೆ ಭಾಷೆ ಆಡ್ತಿದ್ದ ಆಫ್ರಿಕನ್ನರು ತಮ್ಮ ತಮ್ಮಲ್ಲೇ ಬೆರೆತು ಒಂದು ಹೊಸ ಮಾತು, ಹೊಸ ಬದುಕು ಕಟ್ಟಿಕೊಂಡ್ರು. ಆ ಮಾತೇ ಗಲ್ಲಾ ಕ್ರಿಯೋಲ್. ಪದಗಳು ಬಹುಪಾಲು ಇಂಗ್ಲಿಷ್‌ನವು, ಒಳಗಿನ ವ್ಯಾಕರಣ ಮತ್ತು ಧಾಟಿ ಬೇರೆಯದೇ.

ಅದನ್ನ ಮುರುಕು ಇಂಗ್ಲಿಷ್ ಅಂತ ಶತಮಾನಗಟ್ಟಲೆ ಆಡಿಕೊಂಡ್ರು. ಒಂದೆರಡು ಉದಾಹರಣೆ ನೋಡಿದ್ರೆ ಅದೆಂಥ ತಪ್ಪು ಅಂತ ಗೊತ್ತಾಗತ್ತೆ. ಗಲ್ಲಾದಲ್ಲಿ ಅವನು, ಅವಳು, ಅದು ಮೂರಕ್ಕೂ ಒಂದೇ ಪದ, 'ಈ' ಅಂತ. 'ಈ ಡ ನ್ಯಾಮ್' ಅಂದ್ರೆ ಅವನೋ ಅವಳೋ ಅದೋ ತಿಂತಾ ಇರೋದು, ಆ 'ಡ' ಇದ್ಯಲ್ಲ ಅದು ಕೆಲಸ ನಡೀತಾ ಇದೆ ಅಂತ ತೋರಿಸೋ ಗುರುತು, 'ನ್ಯಾಮ್' ಅಂದ್ರೆ ತಿನ್ನು, ಪಶ್ಚಿಮ ಆಫ್ರಿಕಾದ ವೊಲೊಫ್, ಫುಲಾ ಭಾಷೆಗಳಲ್ಲೂ ಇದೇ ಥರದ ಪದ ಇದೆ. ಇಂಗ್ಲಿಷ್‌ನಲ್ಲಿ ನೀನು, ನೀವು ಎರಡಕ್ಕೂ ಒಂದೇ ಪದ ಹಾಕಿ ಎಳೆದಾಡ್ತಾರೆ, ಗಲ್ಲಾದಲ್ಲಿ ನೀವೆಲ್ಲ ಅನ್ನೋಕೆ 'ಹುನ್ನ' ಅಂತ ಬೇರೇನೇ ಇದೆ, ನೈಜೀರಿಯಾದ ಇಗ್ಬೋ ಭಾಷೇಲಿ ಅದೇ ಅರ್ಥಕ್ಕೆ 'ಉನು' ಅಂತಾರೆ. ಬೆಳಗಿನ ಜಾವಕ್ಕೆ 'ಡೇ ಕ್ಲೀನ್', ಅಂದ್ರೆ ಹಗಲು ತಿಳಿಯಾಯ್ತು ಅಂತ. ಬಿಳಿಯನಿಗೆ 'ಬಕ್ರಾ', ಇದು ನೈಜೀರಿಯಾದ ಕಲಬಾರ್ ಕಡೆಯ ಎಫಿಕ್ ಮಾತಿನಿಂದ ಬಂದಿದ್ದು, ನಮ್ಮ ಹಿಂದಿ ಬಕ್ರಾ ಅಲ್ಲ ಮತ್ತೆ.

ನೋಡಿ, ಬರೀ ನಾಲ್ಕೈದು ಪದ ತಗೊಂಡ್ರೂ ಆಗ್ಲೇ ಸೆನೆಗಲ್, ನೈಜೀರಿಯಾ ಎಲ್ಲ ಬಂದುಬಿಡ್ತು. ಇದನ್ನ ತಲೇಲಿಟ್ಕೊಂಡು ಹೆಸರಿನ ಕಡೆ ಬರೋಣ.

ಅಂಗೋಲಾ ವಾದ ಹೀಗೆ. ಈಗಿನ ಅಂಗೋಲಾದ ಜಾಗದಲ್ಲಿ ಹಿಂದೆ ಎಂಡೊಂಗೊ ಅಂತ ಒಂದು ರಾಜ್ಯ ಇತ್ತು, ಅಲ್ಲಿನ ದೊರೆಯ ಬಿರುದು 'ಎನ್‌ಗೋಲಾ'. ಪೋರ್ಚುಗೀಸರು 1575ರಲ್ಲಿ ಲುವಾಂಡಾದಲ್ಲಿ ತಳ ಊರಿದ್ರು, ದೊರೆಯ ಬಿರುದನ್ನೇ ಇಡೀ ದೇಶಕ್ಕೆ ಹೆಸರು ಮಾಡಿ ಅಂಗೋಲಾ ಅಂದ್ರು. ಆಮೇಲೆ ಗುಲಾಮರ ವ್ಯಾಪಾರಿಗಳ ಬಾಯಲ್ಲಿ ಆ ಹೆಸರು ಇನ್ನೂ ಹಿಗ್ಗಿ, ಕಾಂಗೋ ನದಿ ಬಾಯಿಂದ ಹಿಡಿದು ಕೆಳಗಿನ ಇಡೀ ಕರಾವಳೀಲಿ ಹಡಗು ಹತ್ತಿಸಿದ ಯಾರನ್ನಾದ್ರೂ ಅಂಗೋಲಾದವನು ಅಂತ ಬರೆಯೋ ರೂಢಿ ಬಂತು. ಚಾರ್ಲ್ಸ್‌ಟನ್‌ಗೆ 1730ರ ದಶಕದಲ್ಲಿ ಬಂದಿಳಿದ ಗುಲಾಮರಲ್ಲಿ ಹೆಚ್ಚಿನವರು ಈ ಕಡೆಯವರೇ. 1739ರ ಸೆಪ್ಟೆಂಬರ್‌ನಲ್ಲಿ ಚಾರ್ಲ್ಸ್‌ಟನ್ ಹತ್ರ ಸ್ಟೋನೋ ನದಿ ಪಕ್ಕ ಗುಲಾಮರು ದಂಗೆ ಎದ್ದು, ಸ್ಪೇನಿನವರ ಕೈಯಲ್ಲಿದ್ದ ಫ್ಲಾರಿಡಾ ಕಡೆ ಹೊರಟ್ರಲ್ಲ, ಅವರನ್ನ ಆ ಕಾಲದ ಬರಹದಲ್ಲಿ ಅಂಗೋಲಾದವರು ಅಂತಾನೇ ಕರೆದಿದಾರೆ. ಜೊತೆಗೇ ಅಲ್ಲಿಂದ ಬಂದವರಲ್ಲಿ ತುಂಬಾ ಜನ ಪೋರ್ಚುಗೀಸ್ ಮಾತಾಡ್ತಾರೆ, ರೋಮನ್ ಕ್ಯಾಥೊಲಿಕರು ಅಂತಾನೂ ಬರೆದಿದಾರೆ, ಅದನ್ನ ನೋಡಿ ಈಗಿನ ಇತಿಹಾಸಕಾರರು ಇವರು ಪಕ್ಕದ ಕಾಂಗೋ ರಾಜ್ಯದವರೇ ಇರಬೇಕು ಅಂತಾರೆ, ಯಾಕಂದ್ರೆ ಆ ರಾಜ್ಯ ಅಷ್ಟೊತ್ತಿಗೆ ಕ್ರೈಸ್ತ ಧರ್ಮಕ್ಕೆ ಸೇರಿ ಎರಡು ಶತಮಾನ ದಾಟಿತ್ತು. ಅಂದ್ರೆ ಅಂಗೋಲಾ ಅನ್ನೋದು ಊರಿನ ಹೆಸರು ಅನ್ನೋದಕ್ಕಿಂತ ವ್ಯಾಪಾರಿ ಹಚ್ಚಿದ ಲೇಬಲ್.

ಈ ಲೇಬಲ್ ಎಷ್ಟು ಸಡಿಲ ಅಂತ ತೋರಿಸೋಕೆ ಒಬ್ಬ ಮನುಷ್ಯನ ಕಥೆ ಸಾಕು, ಗಲ್ಲಾ ಜ್ಯಾಕ್. 1822ರಲ್ಲಿ ಚಾರ್ಲ್ಸ್‌ಟನ್‌ನಲ್ಲಿ ಡೆನ್ಮಾರ್ಕ್ ವೆಸಿ ಅನ್ನೋ ಬಡಗಿ ಮುಂದಾಳಾಗಿ ದೊಡ್ಡ ದಂಗೆಗೆ ತಯಾರಿ ನಡೆಸಿದ ಅಂತ ಆರೋಪ ಬಂತು, ದಂಗೆ ಶುರುವಾಗೋಕೆ ಮೊದಲೇ ಸುಳಿವು ಸಿಕ್ಕಿ ಹಿಡಿದ್ರು, ಒಟ್ಟು 35 ಜನರನ್ನ ನೇಣಿಗೆ ಹಾಕಿದ್ರು. ಅದರಲ್ಲಿ ಒಬ್ಬ ಜ್ಯಾಕ್ ಪ್ರಿಚರ್ಡ್, ಮಾಟ ಮಂತ್ರ ಬಲ್ಲವನು, ಅವನಿಗೆ ಗುಂಡು ತಾಗಲ್ಲ ಅಂತ ಜನ ನಂಬಿದ್ರು. ಕೋರ್ಟ್ ವರದೀಲಿ ಅವನ ಹೆಸರು ಗಲ್ಲಾ ಜ್ಯಾಕ್ ಅಂತಾನೇ ಇದೆ. ಅಂಗೋಲಾದವನು ಅದಕ್ಕೇ ಗಲ್ಲಾ ಜ್ಯಾಕ್ ಅಂತ ಸುಲಭವಾಗಿ ಹೇಳಿಬಿಡಬಹುದು, ಅಲ್ಲೇ ಇರೋದು ಮಜಾ. ಅವನನ್ನ ಆಫ್ರಿಕಾದಿಂದ ತಂದ ಜೆಫನೈಯಾ ಕಿಂಗ್ಸ್‌ಲಿ ಅನ್ನೋ ವ್ಯಾಪಾರಿ ಆಮೇಲೆ ಬರೆದಿಟ್ಟ ಪ್ರಕಾರ ಅವನನ್ನ ಕೊಂಡಿದ್ದು ಜಾಂಜಿಬಾರ್ ಕಡೆ, ಅಂದ್ರೆ ಆಫ್ರಿಕಾದ ಪೂರ್ವ ಕರಾವಳೀಲಿ, ಯುದ್ಧದಲ್ಲಿ ಸೆರೆ ಸಿಕ್ಕಿದ್ದವನು, ತನ್ನೂರಲ್ಲಿ ಪೂಜಾರಿ ಆಗಿದ್ದವನು. ಅವನ ಊರಲ್ಲೂ ಅಂಗೋಲಾ ಮಾತಿನದೇ ಒಂದು ಬಗೆ ಆಡ್ತಾರೆ, ಆ ಮಾತು ಖಂಡದ ಈ ಸಮುದ್ರದಿಂದ ಆ ಸಮುದ್ರದವರೆಗೂ ಹಬ್ಬಿದೆ ಅಂತ ಕಿಂಗ್ಸ್‌ಲಿ ಸಮಜಾಯಿಷಿನೂ ಕೊಡ್ತಾನೆ. ನಾವು ಇವತ್ತು ಬಾಂಟು ಭಾಷೆಗಳು ಅಂತೀವಲ್ಲ, ಅದನ್ನ ಅವನು ತನ್ನ ಮಾತಲ್ಲಿ ಹೇಳ್ತಿದ್ದ ಅಷ್ಟೆ. ಸರಿಯಾಗಿ ಯೋಚಿಸಿ, ಹಿಂದೂ ಮಹಾಸಾಗರದ ದಡದ ಮನುಷ್ಯನಿಗೆ ಅಟ್ಲಾಂಟಿಕ್ ದಡದ ಹೆಸರು, ಅದೂ ಮೊದಲ ಅಕ್ಷರ ಉದುರಿ ಗಲ್ಲಾ ಆಗಿರೋದು, ಆ ಹೆಸರಲ್ಲೇ ನೇಣು.

ಇನ್ನು ಗೋಲಾ. ಇವರು ಈಗಿನ ಲೈಬೀರಿಯಾದ ಪಶ್ಚಿಮ ಭಾಗ, ಸಿಯೆರಾ ಲಿಯೋನ್ ಗಡಿ ಆಸುಪಾಸಲ್ಲಿ ಇರೋ ಜನ, ಅವರ ಭಾಷೆ ಹೆಸರೂ ಗೋಲಾ. ಈ ವಾದಕ್ಕೆ ಬೆನ್ನೆಲುಬು ಭತ್ತ. ಸೆನೆಗಲ್‌ನಿಂದ ಲೈಬೀರಿಯಾವರೆಗಿನ ಕರಾವಳೀಲಿ ಸಾವಿರಾರು ವರ್ಷದಿಂದ ಆಫ್ರಿಕಾದ್ದೇ ಆದ ಒಂದು ಭತ್ತದ ಜಾತಿ ಬೆಳೀತಿದ್ರು, ಯುರೋಪಿನವರು ಅದನ್ನ ಅಕ್ಕಿ ಕರಾವಳಿ ಅಂತಾನೇ ಕರೀತಿದ್ರು, ಕ್ಯಾರೊಲಿನಾದ ಜಮೀನ್ದಾರರಿಗೆ ಅಲ್ಲಿಯವರೇ ಬೇಕು ಅಂತ ಆಸೆ, ಅಲ್ಲಿಂದ ಬಂದವರು ಅಂದ್ರೆ ಜಾಹೀರಾತಲ್ಲಿ ಎತ್ತಿ ಹೇಳ್ತಿದ್ರು. ಸಿಯೆರಾ ಲಿಯೋನ್ ನದೀಲಿ ಬನ್ಸ್ ಐಲ್ಯಾಂಡ್ ಅಂತ ಒಂದು ಪುಟ್ಟ ದ್ವೀಪ, ಅಲ್ಲಿ ಬ್ರಿಟಿಷರ ಗುಲಾಮ ಕೋಟೆ. 18ನೇ ಶತಮಾನದ ಮಧ್ಯದಲ್ಲಿ ಅದರ ಮಾಲೀಕರಲ್ಲಿ ಮುಖ್ಯನಾದವನು ಲಂಡನ್ನಿನ ರಿಚರ್ಡ್ ಆಸ್ವಾಲ್ಡ್, ಅಲ್ಲಿಂದ ಬಂದ ಹಡಗುಗಳನ್ನ ಚಾರ್ಲ್ಸ್‌ಟನ್‌ನಲ್ಲಿ ಇಳಿಸಿ ಹರಾಜು ಹಾಕಿ ಕಮಿಷನ್ ತಗೊಳ್ತಿದ್ದವನು ಹೆನ್ರಿ ಲಾರೆನ್ಸ್. 1782ರಲ್ಲಿ ಪ್ಯಾರಿಸ್‌ನಲ್ಲಿ ಅಮೆರಿಕದ ಸ್ವಾತಂತ್ರ್ಯದ ಒಪ್ಪಂದ ಮಾತುಕತೆಗೆ ಕೂತಾಗ ಬ್ರಿಟಿಷ್ ಕಡೆ ಆಸ್ವಾಲ್ಡ್, ಅಮೆರಿಕನ್ ಕಡೆಯವರಲ್ಲಿ ಒಬ್ಬ ಲಾರೆನ್ಸ್, ಹಳೇ ಬಿಸಿನೆಸ್ ಪಾರ್ಟ್ನರ್‌ಗಳೇ ಎದುರಾ ಬದುರಾ. ಇದನ್ನ ಓದಿದಾಗ ನನಗೆ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ.

ಭತ್ತ ಕುಟ್ಟೋ ಒರಳು ಒನಕೆ, ಕೇರೋ ಬುಟ್ಟಿ ಎಲ್ಲ ಆಫ್ರಿಕಾ ಥರದ್ದೇ. ಕೇರೋ ಬುಟ್ಟಿಗೆ ಫ್ಯಾನರ್ ಅಂತಾರೆ, ಅಗಲವಾಗಿ ದುಂಡಗೆ ತಟ್ಟೆ ಥರ ಇರತ್ತೆ, ಕೆಲಸದಲ್ಲಿ ನಮ್ಮ ಮೊರಾನೇ. ಜೊಂಡು, ಸ್ವೀಟ್‌ಗ್ರಾಸ್ ಅನ್ನೋ ಹುಲ್ಲು, ಪೈನ್ ಎಲೆ ಸೇರಿಸಿ ಸುರುಳಿ ಸುರುಳಿ ಸುತ್ತಿ, ತಾಳೆ ಜಾತಿ ಗಿಡದ ಗರಿಯಿಂದ ಹೊಲಿದು ಮಾಡೋದು, ಈಗಲೂ ಮೌಂಟ್ ಪ್ಲೆಸೆಂಟ್ ಹತ್ರ ಹೈವೇ 17ರ ಬದೀಲಿ ಹೆಂಗಸರು ಕೂತು ಹೆಣೀತಾ ಮಾರ್ತಾರೆ. ರೇಟ್ ನೋಡಿ ಹೌಹಾರಬೇಡಿ, ದೊಡ್ಡ ಬುಟ್ಟಿಗೆ ವಾರಗಟ್ಟಲೆ ಕೆಲಸ ಇರತ್ತೆ, ಚೌಕಾಸಿ ಮಾಡೋಕೂ ಹೋಗಬೇಡಿ. ಆದ್ರೆ ಭತ್ತದ ಜ್ಞಾನ ಅಲ್ಲಿಂದ ಬಂತು ಅಂದಮಾತ್ರಕ್ಕೆ ಹೆಸರೂ ಅಲ್ಲಿಂದಲೇ ಬಂತು ಅಂತಾಗಲ್ಲ, ಗೋಲಾ ಪಕ್ಷದವರು ಇಲ್ಲಿ ಸ್ವಲ್ಪ ಓಡಿಬಿಡ್ತಾರೆ ಅನ್ಸತ್ತೆ. ಅಕ್ಕಿ ಕರಾವಳಿಯಿಂದ ಬಂದವರಲ್ಲಿ ಮೆಂಡೆ, ಟೆಮ್ನೆ, ಫುಲಾ, ಮಂಡಿಂಕಾ, ವಾಯ್, ಕಿಸ್ಸಿ ಎಲ್ಲ ಇದ್ರು, ಇಷ್ಟು ಜನರಲ್ಲಿ ಗೋಲಾದವರ ಹೆಸರೊಂದೇ ಎಲ್ಲರಿಗೂ ಯಾಕೆ ಅಂಟಿಕೊಳ್ತು ಅಂತ ಕೇಳಿದ್ರೆ ಅವರ ಹತ್ರ ಗಟ್ಟಿ ಉತ್ತರ ಇಲ್ಲ.

ಧ್ವನಿ ನೋಡಿ ತೀರ್ಮಾನ ಮಾಡೋಣ ಅಂದ್ರೆ ಅದೂ ಆಗಲ್ಲ. ಅಂಗೋಲಾದಲ್ಲಿ ಒತ್ತು ಬೀಳೋದು ಗೋ ಮೇಲೆ, ಮುಂದಿನ ಅಂ ಬೇಗ ಸವೆದು ಉದುರತ್ತೆ, ಉಳಿಯೋದು ಗೋಲಾ. ಬುಡಕಟ್ಟಿನ ಹೆಸರು ಮೊದಲಿಂದಲೂ ಗೋಲಾ. ಅದಕ್ಕೇ ಚಾರ್ಲ್ಸ್‌ಟನ್ ಹರಾಜುಕಟ್ಟೇಲಿ ಒಬ್ಬ ಅಂಗೋಲಾ ಅಂತ ಹೇಳಿದ್ದು ಇನ್ನೊಬ್ಬ ಗೋಲಾ ಅಂತ ಹೇಳಿದ್ದು, ಅದನ್ನ ಕೇಳಿಸ್ಕೊಂಡ ಇಂಗ್ಲಿಷ್ ಗುಮಾಸ್ತ ತನಗೆ ತಿಳಿದಂಗೆ ಬರ್ಕೊಂಡಿದ್ದು, ಇವೆಲ್ಲ ಒಂದರೊಳಗೊಂದು ಸೇರಿಹೋಗಿರೋದ್ರಲ್ಲಿ ಆಶ್ಚರ್ಯ ಇಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ಮೊದಲು ಅಂಟಿದ್ದು ಅಂಗೋಲಾ ಹೆಸರು, ಯಾಕಂದ್ರೆ ಹೊಸ ಮಾತು ರೂಪ ತಗೊಳ್ತಿದ್ದ ಕಾಲದಲ್ಲಿ ಆ ಕಡೆಯವರೇ ಜಾಸ್ತಿ ಇದ್ರು, ಆಮೇಲೆ ಅಕ್ಕಿ ಕರಾವಳಿಯವರು ಬಂದಾಗ ಗೋಲಾ ಅದಕ್ಕೆ ಬಲ ಕೊಡ್ತು.

ಇನ್ನೂ ಒಂದೆರಡು ವಾದ ಇದೆ, ಬೇಗ ಮುಗಿಸ್ತೀನಿ. ಜಾರ್ಜಿಯಾ ಕರಾವಳೀಲಿ ಯುರೋಪಿನವರು ಬರೋಕೆ ಮೊದಲು ಗ್ವಾಲೆ ಅನ್ನೋ ಮೂಲನಿವಾಸಿಗಳು ಇದ್ರು, ಅದೇ ಹೆಸರು ಗಲ್ಲಾ ಆಯ್ತು ಅಂತ ಕೆಲವರು. ಪಶ್ಚಿಮ ಆಫ್ರಿಕಾದ ಡ್ಯೂಲಾ ಅನ್ನೋ ವ್ಯಾಪಾರಿ ಮುಸ್ಲಿಮರ ಹೆಸರು ಅಂತ ಇನ್ನು ಕೆಲವರು. ಎರಡೂ ಕೇಳೋಕೆ ಚೆನ್ನಾಗಿದೆ, ನನಗಂತೂ ಒಪ್ಪಿಗೆ ಆಗಲ್ಲ, ಬರೀ ಹೆಸರು ಹೋಲತ್ತೆ ಅಷ್ಟೆ.

ಗೀಚೀ ಕಥೆ ಸ್ವಲ್ಪ ಬೇರೆ. ಸವಾನಾದ ದಕ್ಷಿಣಕ್ಕೆ ಒಗೀಚೀ ಅಂತ ಒಂದು ನದಿ ಸಮುದ್ರ ಸೇರತ್ತೆ, ಅದರ ದಡದಲ್ಲಿ ದೊಡ್ಡ ದೊಡ್ಡ ಭತ್ತದ ತೋಟಗಳಿದ್ವು, ಆ ನದಿ ಕಡೆಯವರು ಅನ್ನೋ ಅರ್ಥದಲ್ಲಿ ಗೀಚೀ ಅಂತ ಹೆಚ್ಚಿನವರು ಹೇಳ್ತಾರೆ. ನದಿಯ ಹೆಸರೇ ಅಲ್ಲಿನ ಮೂಲನಿವಾಸಿಗಳ ಭಾಷೆದು. ಇನ್ನೊಂದು ವಾದ, ಸಿಯೆರಾ ಲಿಯೋನ್, ಗಿನಿ, ಲೈಬೀರಿಯಾ ಮೂರೂ ಸೇರೋ ಜಾಗದಲ್ಲಿರೋ ಕಿಸ್ಸಿ ಜನರ ಹೆಸರು, ಅದನ್ನ ಗೀಜಿ, ಗೀಸಿ ಅಂತೆಲ್ಲ ಉಚ್ಚರಿಸ್ತಾರೆ. ಸಾಮಾನ್ಯವಾಗಿ ಸೌತ್ ಕ್ಯಾರೊಲಿನಾದಲ್ಲಿ ಗಲ್ಲಾ, ಜಾರ್ಜಿಯಾದಲ್ಲಿ ಗೀಚೀ. ಅದರಲ್ಲೂ ದ್ವೀಪಗಳಲ್ಲಿ ಇರೋರು ಸಾಲ್ಟ್‌ವಾಟರ್ ಗೀಚೀ, ಒಳನಾಡಲ್ಲಿ ಇರೋರು ಫ್ರೆಶ್‌ವಾಟರ್ ಗೀಚೀ, ಅಂದ್ರೆ ಉಪ್ಪುನೀರಿನವರು, ಸಿಹಿನೀರಿನವರು.

ಆದ್ರೆ ಒಂದು ಮುಖ್ಯ ವಿಷಯ, ಗೀಚೀ ಅನ್ನೋದು ಬಹಳ ಕಾಲ ಬೈಗುಳ. ಅದನ್ನ ಬಳಸ್ತಿದ್ದವರು ಬಿಳಿಯರಷ್ಟೇ ಅಲ್ಲ, ಪಟ್ಟಣದ ಕಪ್ಪು ಜನಾನೂ ಹಳ್ಳಿಯಿಂದ ಬಂದ, ಮೂರ್ಹೊತ್ತೂ ಅನ್ನ ತಿನ್ನೋ, ವಿಚಿತ್ರವಾಗಿ ಮಾತಾಡೋ ಗಮಾರ ಅನ್ನೋ ಅರ್ಥದಲ್ಲಿ ಗೀಚೀ ಅಂತಿದ್ರು. ಅಮೆರಿಕದ ಸುಪ್ರೀಂ ಕೋರ್ಟ್ ಜಡ್ಜ್ ಕ್ಲಾರೆನ್ಸ್ ಥಾಮಸ್ ಹುಟ್ಟಿದ್ದು 1948ರಲ್ಲಿ ಸವಾನಾ ಹತ್ರದ ಪಿನ್ ಪಾಯಿಂಟ್ ಅನ್ನೋ ಗೀಚೀ ಹಳ್ಳೀಲಿ. ಕೋರ್ಟಲ್ಲಿ ಅವರು ವರ್ಷಗಟ್ಟಲೆ ಪ್ರಶ್ನೆನೇ ಕೇಳ್ತಿರ್ಲಿಲ್ಲ, 2000ದಲ್ಲಿ ಹೈಸ್ಕೂಲ್ ಮಕ್ಕಳ ಜೊತೆ ಮಾತಾಡ್ತಾ ಅದಕ್ಕೆ ಒಂದು ಕಾರಣ ಹೇಳಿದ್ರು, ಚಿಕ್ಕಂದಿನಲ್ಲಿ ಗೀಚೀ ಮಾತಾಡ್ತಿದ್ದಿದ್ದಕ್ಕೆ ಬೇರೆ ಮಕ್ಕಳು ಗೇಲಿ ಮಾಡ್ತಿದ್ರು, ಅದಕ್ಕೇ ಸುಮ್ಮನಿದ್ದು ಕೇಳಿಸಿಕೊಳ್ಳೋದು ಅಭ್ಯಾಸ ಆಯ್ತು ಅಂತ. ಅವರ ರಾಜಕೀಯ ಏನಾದ್ರೂ ಇರ್ಲಿ, ಈ ಮಾತು ನಿಜ ಅನ್ನೋದ್ರಲ್ಲಿ ನನಗೆ ಸಂಶಯ ಇಲ್ಲ, ಭಾಷೆಗೆ ನಕ್ಕಿಸಿಕೊಂಡವರಿಗೆ ಗೊತ್ತಿರತ್ತೆ ಅದು.

ಈ ಗೇಲಿಗೆ ತಡೆ ಹಾಕೋಕೆ ಮೊದಲ ಗಟ್ಟಿ ಕೆಲಸ ಮಾಡಿದ್ದು ಲೊರೆಂಜೋ ಡೌ ಟರ್ನರ್ ಅನ್ನೋ ಕಪ್ಪು ಭಾಷಾತಜ್ಞ. 1929ರ ಬೇಸಿಗೇಲಿ ಸೌತ್ ಕ್ಯಾರೊಲಿನಾದ ಆರೆಂಜ್‌ಬರ್ಗ್‌ನ ಕಾಲೇಜಲ್ಲಿ ಪಾಠ ಮಾಡೋಕೆ ಹೋದಾಗ ಅವರ ಕ್ಲಾಸಿನ ವಿದ್ಯಾರ್ಥಿಗಳ ಬಾಯಲ್ಲಿ ಗಲ್ಲಾ ಕೇಳಿದ್ರು. ಆ ಕಾಲದ ಬಿಳಿ ಪಂಡಿತರೆಲ್ಲ ಇದು ಹಳೇ ಇಂಗ್ಲೆಂಡಿನ ಹಳ್ಳಿ ಮಾತು ಕೆಟ್ಟಿರೋದು, ಇಲ್ಲಾ ತೊದಲುಮಾತು, ಆಫ್ರಿಕಾದ್ದು ಇದರಲ್ಲಿ ಏನೂ ಉಳಿದಿಲ್ಲ ಅಂತಿದ್ರು, ಯಾಕಂದ್ರೆ ಅವರಲ್ಲಿ ಯಾರಿಗೂ ಆಫ್ರಿಕಾದ ಭಾಷೆ ಬರ್ತಿರ್ಲಿಲ್ಲ! ಟರ್ನರ್ ಭಾರವಾದ ರೆಕಾರ್ಡಿಂಗ್ ಮಷಿನ್ ಹೊತ್ಕೊಂಡು ದ್ವೀಪ ದ್ವೀಪ ತಿರುಗಿದ್ರು, ಆಮೇಲೆ ಲಂಡನ್‌ಗೆ ಹೋಗಿ ಆಫ್ರಿಕನ್ ಭಾಷೆಗಳನ್ನ ಕಲಿತ್ರು, 1949ರಲ್ಲಿ ಪುಸ್ತಕ ತಂದ್ರು. ಅದರಲ್ಲಿ ಹತ್ತಿರ ಹತ್ತಿರ 4,000 ಆಫ್ರಿಕನ್ ಮೂಲದ ಪದಗಳು, ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನರ ಹೆಸರುಗಳೇ. ಇದು ಹೇಗೆ ಅಂದ್ರೆ ಗಲ್ಲಾ ಮನೆಗಳಲ್ಲಿ ಹೆಚ್ಚಿನ ಮಕ್ಕಳಿಗೆ ಎರಡು ಹೆಸರು, ಸ್ಕೂಲಿಗೆ ಚರ್ಚಿಗೆ ಒಂದು ಇಂಗ್ಲಿಷ್ ಹೆಸರು, ಮನೇಲಿ ಕರೆಯೋಕೆ ಇನ್ನೊಂದು, ಅದಕ್ಕೆ ಬಾಸ್ಕೆಟ್ ನೇಮ್ ಅಂತಾರೆ. ಹಿಂದಿನ ಪಂಡಿತರು ಹೆಸರು ಕೇಳಿದಾಗ ಜನ ಸ್ಕೂಲ್ ಹೆಸರು ಹೇಳಿ ಕಳಿಸಿದ್ರು, ಟರ್ನರ್‌ಗೆ ಮನೆ ಹೆಸರು ಹೇಳಿದ್ರು. ಅವರು ಗಲ್ಲಾ ಅನ್ನೋ ಹೆಸರಿಗೂ ಅಂಗೋಲಾ ಕಡೆಯ ಎನ್‌ಗೋಲಾ, ಲೈಬೀರಿಯಾದ ಗೋಲಾ ಎರಡನ್ನೂ ಪಕ್ಕ ಪಕ್ಕ ಇಟ್ರು, ಒಂದನ್ನ ಹೊಡೆದುಹಾಕಲಿಲ್ಲ. ನಿಮ್ಮ ಇಬ್ಬರು ಗೈಡ್‌ಗಳೂ ಒಂದೊಂದು ಅರ್ಧ ಹಿಡ್ಕೊಂಡಿದಾರೆ ಅಂತಾಯ್ತು.

ಟರ್ನರ್ ರೆಕಾರ್ಡ್ ಮಾಡಿದ್ದರಲ್ಲಿ ಒಂದು ಹಾಡು ಬಹಳ ದೂರ ಹೋಯ್ತು. ಜಾರ್ಜಿಯಾದ ಹ್ಯಾರಿಸ್ ನೆಕ್ ಅನ್ನೋ ಊರಲ್ಲಿ ಅಮೀಲಿಯಾ ಡಾಲಿ ಅನ್ನೋ ಹೆಂಗಸು ಐದಾರು ಸಾಲಿನ ಒಂದು ಹಾಡು ಹಾಡಿದ್ರು, ಅಜ್ಜಿ ಕಾಲದಿಂದ ಬಂದಿದ್ದು, ಅರ್ಥ ಅವರಿಗೇ ಗೊತ್ತಿಲ್ಲ. ಸಿಯೆರಾ ಲಿಯೋನ್‌ನ ಒಬ್ಬ ವಿದ್ಯಾರ್ಥಿ ಅದನ್ನ ಕೇಳಿ ಇದು ನಮ್ಮ ಮೆಂಡೆ ಭಾಷೆ ಅಂದ. ದಶಕಗಳಾದ್ಮೇಲೆ ಜೋಸೆಫ್ ಒಪಾಲಾ ಅನ್ನೋ ಮಾನವಶಾಸ್ತ್ರಜ್ಞ, ಸಂಗೀತ ಸಂಶೋಧಕಿ ಸಿಂಥಿಯಾ ಶ್ಮಿಟ್, ಮೆಂಡೆ ಭಾಷಾತಜ್ಞ ತಾಜಿಯೆಫ್ ಕೊರೊಮಾ ಸೇರ್ಕೊಂಡು ಸಿಯೆರಾ ಲಿಯೋನ್‌ನಲ್ಲಿ ಹುಡುಕಾಡಿ, ಸೆನೆಹುನ್ ಎನ್‌ಗೋಲಾ ಅನ್ನೋ ದೂರದ ಹಳ್ಳೀಲಿ ಅದೇ ಹಾಡು ಗೊತ್ತಿದ್ದ ಹೆಂಗಸನ್ನ ಕಂಡುಹಿಡಿದ್ರು. ಅಲ್ಲಿ ಅದು ಸಾವಾದಾಗ ಹೆಂಗಸರು ಸಮಾಧಿ ಹತ್ರ ಹಾಡೋ ಹಾಡು. ಅಮೀಲಿಯಾರ ಮಗಳು ಮೇರಿ ಮೊರಾನ್ ಜಾರ್ಜಿಯಾದಲ್ಲಿ ಅದನ್ನ ಮಕ್ಕಳ ಆಟದ ಹಾಡು ಅಂತ ಉಳಿಸ್ಕೊಂಡಿದ್ರು, 1997ರಲ್ಲಿ ಮನೆಯವರನ್ನ ಕರ್ಕೊಂಡು ಆ ಹಳ್ಳಿಗೇ ಹೋಗಿ ಬಂದ್ರು. ಹ್ಯಾರಿಸ್ ನೆಕ್ ಊರನ್ನ ಅಷ್ಟೊತ್ತಿಗೆ ಸರ್ಕಾರ ಕಿತ್ಕೊಂಡು ಆಗ್ಲೇ ಅರ್ಧ ಶತಮಾನ ದಾಟಿತ್ತು, 1942ರಲ್ಲಿ ಯುದ್ಧಕ್ಕೆ ವಿಮಾನ ನಿಲ್ದಾಣ ಬೇಕು ಅಂತ ಎಬ್ಬಿಸಿದ್ರು, ಈಗ ಅಲ್ಲಿ ಪಕ್ಷಿಧಾಮ ಇದೆ.

ಗಮನಿಸಿ, ಈ ಹಾಡು ಮೆಂಡೆ, ಅಂದ್ರೆ ಅಂಗೋಲಾನೂ ಅಲ್ಲ ಗೋಲಾನೂ ಅಲ್ಲ. ಅಮೆರಿಕದವರು ಕಡಲೆಕಾಯಿಗೆ ಗೂಬರ್ ಅಂತಾರಲ್ಲ, ಅದು ಕಾಂಗೋ ಅಂಗೋಲಾ ಕಡೆಯ 'ಎನ್‌ಗುಬಾ'. ಸಪೆಲೋ ದ್ವೀಪದಲ್ಲಿ 19ನೇ ಶತಮಾನದಲ್ಲಿ ಬಿಲಾಲಿ ಮೊಹಮ್ಮದ್ ಅಂತ ಒಬ್ಬ ಗುಲಾಮ ಇದ್ದ, ಗಿನಿ ಕಡೆಯವನು, ತೋಟದ ಉಸ್ತುವಾರಿ ಅವನದೇ, ಅವನು ಅರಬ್ಬೀ ಲಿಪೀಲಿ ಬರೆದ ಕೈಬರಹ ಈಗಲೂ ಜಾರ್ಜಿಯಾ ಯೂನಿವರ್ಸಿಟೀಲಿ ಇದೆ. ಇವರೆಲ್ಲರ ಮಕ್ಕಳೂ ಇವತ್ತು ಗಲ್ಲಾ ಗೀಚೀನೇ. ಒಂದೇ ಬುಡಕಟ್ಟಿನ ಹೆಸರು ಹಿಡ್ಕೊಂಡು ಇವರ ಮೂಲ ಹುಡುಕೋಕೆ ಹೋದ್ರೆ ಉಳಿದವರೆಲ್ಲ ಹೊರಗುಳೀತಾರೆ, ಅದಕ್ಕೇ ನಾನು ಅಂಗೋಲಾ ಪಕ್ಷದವನಾದ್ರೂ ಅದನ್ನ ಜೋರಾಗಿ ಹೇಳಲ್ಲ.

ಇನ್ನೊಂದು, ಹಳೇ ತಲೆಮಾರಿನವರು ತಮ್ಮನ್ನ ತಾವು ಗಲ್ಲಾ ಅಂತ ಕರ್ಕೊಳ್ತಿದ್ದಿದ್ದು ಕಮ್ಮಿ. ನಾವು ಹೀಗೇ ಮಾತಾಡೋದು ಅನ್ನೋರು, ಊರಿನ ಹೆಸರು ಹೇಳೋರು, ಅಥವಾ 'ಬಿನ್‌ಯಾ' ಅನ್ನೋರು, ಅಂದ್ರೆ ಮೊದಲಿಂದ ಇಲ್ಲೇ ಇರೋರು. ಹೊರಗಿಂದ ಬಂದು ನೆಲೆಸಿದವರಿಗೆ 'ಕಮ್‌ಯಾ'. ಈ ಎರಡು ಪದ ಕೇಳಿದ್ರೆ ಅವರಿಗೆ ಯಾವ ವ್ಯತ್ಯಾಸ ಮುಖ್ಯ ಆಗಿತ್ತು ಅಂತ ಗೊತ್ತಾಗತ್ತೆ, ಅದರಲ್ಲೂ 1956ರಲ್ಲಿ ಹಿಲ್ಟನ್ ಹೆಡ್‌ಗೆ ಸೇತುವೆ ಬಂದು ಅದರ ಹಿಂದೆ ಗಾಲ್ಫ್ ಕೋರ್ಸ್, ಗೇಟು ಹಾಕಿದ ಕಾಲೊನಿಗಳು ಬಂದ್ಮೇಲೆ. ಆ ಕಾಲೊನಿಗಳಿಗೆ ಇಂಥಾ ಪ್ಲಾಂಟೇಶನ್, ಅಂಥಾ ಪ್ಲಾಂಟೇಶನ್ ಅಂತಾನೇ ಹೆಸರಿಟ್ರು, ಯಾರ ಅಜ್ಜ ಮುತ್ತಜ್ಜ ಯಾವ ಪ್ಲಾಂಟೇಶನ್‌ನಲ್ಲಿ ದುಡಿದು ಸತ್ರು ಅಂತ ನೆನಪಿರೋರ ಮುಂದೇನೇ. ಅಂತರ್ಯುದ್ಧ ಆದ್ಮೇಲೆ ಗುಲಾಮಗಿರಿಯಿಂದ ಬಿಡುಗಡೆಯಾದವರು ಕೊಂಡ ಜಮೀನು ವಿಲ್ ಇಲ್ಲದೆ ತಲೆಮಾರಿನಿಂದ ತಲೆಮಾರಿಗೆ ಜಂಟಿಯಾಗಿ ಬಂದಿರತ್ತೆ, ಪಾಲುದಾರರಲ್ಲಿ ಎಲ್ಲೋ ಇರೋ ಒಬ್ಬ ತನ್ನ ಪಾಲು ಮಾರಿದ್ರೆ ಸಾಕು, ಕೊಂಡವನು ಕೋರ್ಟಿಗೆ ಹೋಗಿ ಇಡೀ ಜಮೀನು ಹರಾಜಿಗೆ ತರಿಸಬಹುದಿತ್ತು, ಹೀಗೆ ಕಳ್ಕೊಂಡ ನೆಲ ಲೆಕ್ಕ ಇಲ್ಲ. ಪಾಲು ಪಟ್ಟಿ ಜಗಳ ನೋಡಿರೋ ನಮಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಬೈಗುಳ ಆಗಿದ್ದ ಹೆಸರು ಹೆಮ್ಮೆ ಆಗಿದ್ದು ಇದೇ ಕಾಲದಲ್ಲಿ. ಸೇಂಟ್ ಹೆಲೀನಾ ದ್ವೀಪದಲ್ಲಿ ಪೆನ್ ಸೆಂಟರ್ ಅಂತ ಇದೆ, 1862ರಲ್ಲಿ ಬಿಡುಗಡೆಯಾದವರ ಮಕ್ಕಳಿಗೆ ಶುರುವಾದ ಶಾಲೆ, ಮಾರ್ಟಿನ್ ಲೂಥರ್ ಕಿಂಗ್ 1960ರ ದಶಕದಲ್ಲಿ ಸಭೆ ಮಾಡೋಕೆ ಬರ್ತಿದ್ದ ಜಾಗ. 1988ರಲ್ಲಿ ಸಿಯೆರಾ ಲಿಯೋನ್ ಅಧ್ಯಕ್ಷ ಜೋಸೆಫ್ ಮೊಮೊ ಅಲ್ಲಿಗೆ ಬಂದಾಗ ಅವರ ಕ್ರಿಯೋ ಮಾತಿಗೂ ಇವರ ಗಲ್ಲಾ ಮಾತಿಗೂ ಇರೋ ಹತ್ತಿರ ಎರಡೂ ಕಡೆಯವರ ಗಮನಕ್ಕೆ ಬಂತು, ಮಾರನೇ ವರ್ಷ ಗಲ್ಲಾ ಜನರ ಒಂದು ತಂಡ ಸಿಯೆರಾ ಲಿಯೋನ್‌ಗೆ ಹೋಯ್ತು. 2005ರಲ್ಲಿ ಬೈಬಲಿನ ಹೊಸ ಒಡಂಬಡಿಕೆ ಗಲ್ಲಾ ಭಾಷೇಲಿ ಅಚ್ಚಾಯ್ತು, ಅದಕ್ಕೆ ಕೆಲಸ ಶುರುವಾಗಿದ್ದು 1979ರಲ್ಲಿ. ಮಾರನೇ ವರ್ಷ, 2006ರಲ್ಲಿ ಅಮೆರಿಕದ ಸಂಸತ್ತು ನಾಲ್ಕು ರಾಜ್ಯಗಳ ಈ ಕರಾವಳಿ ಪಟ್ಟೀನ ಗಲ್ಲಾ ಗೀಚೀ ಸಾಂಸ್ಕೃತಿಕ ಕಾರಿಡಾರ್ ಅಂತ ಕಾನೂನು ಮಾಡಿ ಗುರುತಿಸ್ತು. ಎರಡೂ ಹೆಸರು ಜೊತೆಗೆ ಹೇಳೋ ರೂಢಿ ಅಲ್ಲಿಂದ ಗಟ್ಟಿಯಾಯ್ತು.

ನಮ್ಮ ಉತ್ತರ ಕನ್ನಡದ ಸಿದ್ದಿಗಳ ನೆನಪು ಬರೋದು ಸಹಜ, ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆ ಇರೋರು, ಅವರ ಪೂರ್ವಜರಲ್ಲಿ ತುಂಬಾ ಜನ ಪೋರ್ಚುಗೀಸರ ಗೋವಾ ಮೂಲಕ ಆಫ್ರಿಕಾದಿಂದ ಬಂದವರು. ಅವರ ಹೆಸರೂ ಅವರಿಟ್ಟುಕೊಂಡಿದ್ದಲ್ಲ, ಅರಬ್ಬೀ ಭಾಷೆಯ ಗೌರವಸೂಚಕ ಪದದಿಂದ ಬಂದಿದ್ದು ಅಂತ ಸಾಮಾನ್ಯವಾಗಿ ಹೇಳ್ತಾರೆ. ಆದ್ರೆ ಹೋಲಿಕೆ ಅಲ್ಲಿಗೇ ನಿಲ್ಲತ್ತೆ, ಸಿದ್ದಿಗಳು ಸುತ್ತಲಿನ ಕೊಂಕಣಿ, ಕನ್ನಡ, ಮರಾಠೀನೇ ತಮ್ಮದು ಮಾಡ್ಕೊಂಡ್ರು, ಗಲ್ಲಾ ಥರ ಬೇರೆ ಕ್ರಿಯೋಲ್ ಹುಟ್ಟಲಿಲ್ಲ, ಯಾಕಂದ್ರೆ ಭತ್ತದ ತೋಟಗಳಲ್ಲಿ ಆದಂಗೆ ಸಾವಿರಾರು ಜನ ಒಂದೇ ಕಡೆ, ಯಜಮಾನನ ಭಾಷೆಯಿಂದ ದೂರ ಇರೋ ಪರಿಸ್ಥಿತಿ ಇಲ್ಲಿ ಬರ್ಲಿಲ್ಲ.

ಕೊನೇದಾಗಿ, ಹೋದಾಗ ಏನಂತ ಕರೀಬೇಕು ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಗಲ್ಲಾ ಗೀಚೀ ಅಂತ ಎರಡೂ ಸೇರಿಸಿ ಹೇಳಿದ್ರೆ ಎಲ್ಲೂ ತೊಂದರೆ ಇಲ್ಲ. ಬರೀ ಗೀಚೀ ಅನ್ನೋದನ್ನ ಅವರೇ ಹೇಳೋವರೆಗೂ ನೀವಾಗಿ ಹೇಳಬೇಡಿ, ವಯಸ್ಸಾದ ಕೆಲವರಿಗೆ ಅದರ ಹಳೇ ಕಹಿ ಇನ್ನೂ ಹೋಗಿಲ್ಲ. ಸಪೆಲೋದಲ್ಲಿ ಮಾತ್ರ ಅವರೇ ಎದೆ ತಟ್ಕೊಂಡು ನಾವು ಸಾಲ್ಟ್‌ವಾಟರ್ ಗೀಚೀ ಅಂತಾರೆ, ಆ ದ್ವೀಪಕ್ಕೆ ಸೇತುವೆ ಇಲ್ಲ, ಡೇರಿಯನ್ ಊರಿನ ಹತ್ರದ ಮೆರಿಡಿಯನ್ ಅನ್ನೋ ಜಾಗದಿಂದ ಫೆರಿ ಹಿಡೀಬೇಕು, ಸುಮ್ನೆ ಹೋಗಿ ಹತ್ತೋಕೆ ಬಿಡಲ್ಲ, ಟೂರ್ ಆದ್ರೂ ಬುಕ್ ಆಗಿರಬೇಕು ಇಲ್ಲಾ ದ್ವೀಪದಲ್ಲಿ ಯಾರ ಮನೆಗೆ ಹೋಗ್ತಿದೀರ ಅಂತ ಹೇಳೋಕೆ ಬರಬೇಕು.